ಕಾಹಲನ ವಂಶ ಕೂಗಿದ್ದು

ಹಿಂದಿನ ಕಾಲದ ಐರ್ಲೆಂಡಿನ ಒಂದು ಗುಡ್ಡದ ಕೋಟೆಯಲ್ಲಿ ಸತ್ತವರನ್ನು ಅವರವರ ಮಕ್ಕಳ ಹೆಸರು ಹಿಡಿದು ಕೂಗಿದರೆ ಹೂತ ಜಾಗದಿಂದಲೇ ಓಗೊಡುತ್ತಿದ್ದರು. ಅದಕ್ಕೆ ಯಾರೂ ಬೆಚ್ಚುತ್ತಿರಲಿಲ್ಲ.

ಹಿರಿಯರ ಸಭೆ ರಾಣಿ ದೆರ್ವಲಾಳ ಮಗ ಕಾಹಲನನ್ನೇ ಮುಂದಿನ ದೊರೆಯೆಂದು ಆಗಲೇ ಆರಿಸಿತ್ತು. ಸೋತವನು ಸವತಿಯ ಮಗ ಡರ್ಮಟ್. ಸೋತವನ ವಂಶವನ್ನು, ಅಂದರೆ ತೀರಿಹೋದ ಹಿರಿಯರನ್ನು, ಒಮ್ಮೆ ಕೂಗಿ ಅವನನ್ನು ಸಮಾಧಾನ ಮಾಡಿ ಕಳಿಸುವುದು ಅಲ್ಲಿನ ಪದ್ಧತಿ.

"ಡರ್ಮಟನ ಅಪ್ಪಾ!" ಎಂದು ಕೂಗಿದ, ವಂಶ ಹೇಳುವ ಮುದುಕ ಫ್ಲಾನ್.

"ಓ! ಏನೋ ಮಗನೇ?" ರಾಜರ ಗೋರಿಗಳ ಕಡೆಯಿಂದ ತೀರಿಹೋದ ದೊರೆಯ ದನಿ ಅಕ್ಕರೆಯಿಂದ ಉಕ್ಕಿ ಬಂತು.

ದೆರ್ವಲಾ ಸರ್ರನೆ ಎದ್ದು ನಿಂತಳು. ಬದುಕಿದ್ದಾಗಲೂ ಅವಳ ಗಂಡ ಹೀಗೇ. ಸವತಿಯ ಅಂಗಳದಲ್ಲಿ ನಗು, ಇವಳ ಅಂಗಳದಲ್ಲಿ ಗಂಟುಮುಖ. ಮಣ್ಣಿಗೆ ಹೋದ ಮೇಲೂ ಅದೇ ಭೇದವೇ?

"ನನ್ನ ಮಗನ ವಂಶಾನೂ ಕೂಗು," ಎಂದಳು.

"ಗೆದ್ದೋರಿಗೆ ಅದೆಲ್ಲ ಯಾಕೆ ತಾಯಿ? ಸುಮ್ನೆ ಕೂತ್ಕೊಳ್ಳಿ," ಎಂದು ಫ್ಲಾನ್ ದನಿ ತಗ್ಗಿಸಿ ಬೇಡಿಕೊಂಡ. ಕೋಟೆಯ ಹಳೆಯ ಸಂಗತಿಗಳೆಲ್ಲ ಅವನಿಗೆ ಗೊತ್ತಿದ್ದವು. ಹೊಟ್ಟೆಯುರಿಯಲ್ಲಿ ಅವಳಿಗೆ ಮಾತ್ರ ಏನೂ ನೆನಪಾಗಲಿಲ್ಲ.

"ಕೂಗು ಅಂದ್ರೆ ಕೂಗು! ನನ್ನ ಮಗನಿಗೂ ಅಷ್ಟೇ ಪ್ರೀತಿಯಿಂದ ಓಗೊಡ್ಲಿ, ಎಲ್ರೂ ಕೇಳ್ಲಿ."

ಫ್ಲಾನ್ ಕಣ್ಣು ಮುಚ್ಚಿಕೊಂಡ. "ಕಾಹಲನ ಅಪ್ಪಾ!"

ರಾಜರ ಗೋರಿಗಳ ಕಡೆ ಸದ್ದಿಲ್ಲ. ಇಡೀ ಸಭೆ ಕಿವಿಗೊಟ್ಟು ಕಾಯಿತು. ಆಗ ಕುದುರೆ ಲಾಯದ ಹಿಂದೆ, ಆಳುಗಳನ್ನು ಹೂಳುವ ಬಯಲಿನಿಂದ ಒಂದು ದನಿ ಎದ್ದಿತು. ಅದರಲ್ಲಿ ದೊರೆಯ ದನಿಗಿಂತ ಹೆಚ್ಚು ಅಕ್ಕರೆಯಿತ್ತು.

"ಓ! ಇಲ್ಲಿದ್ದೀನಿ ಕಂದಾ! ಕೊನೆಗೂ ಕರೆದ್ಯಲ್ಲ!"