ಉರ್ಬಿನೊ ದಾರಿಯಲ್ಲೊಂದು ದೂರು

ಚಾಲಕ ಮತ್ತೆ ಕನ್ನಡಿಯತ್ತ ಕಣ್ಣೆತ್ತಿದ. ಒರ್ನೆಲ್ಲಾ ಲೆಕ್ಕ ಇಟ್ಟಿರಲಿಲ್ಲ, ಆದರೆ ಸಿಯೆನಾ ಬಿಟ್ಟಾಗಿನಿಂದ ಇದು ನಡೆದೇ ಇತ್ತು. ಅವನ ನೋಟ ಹೋಗುತ್ತಿದ್ದುದು ಕೊನೆಯ ಸಾಲಿಗೆ. ಅಲ್ಲಿ ಕಿಟಕಿಯ ಪಕ್ಕ ಇಲೆನಿಯಾ ಕೂತಿದ್ದಳು. ವಯಸ್ಸು ಹದಿನೇಳು.

ಹಳೆಯ ಚಾಲಕ ಬೆನ್ನು ಹಿಡಿದುಕೊಂಡು ಸಿಯೆನಾದಲ್ಲೇ ಮಲಗಿದ್ದ. ಅವನ ಬದಲಿಗೆ ಕಂಪನಿ ಬೆಳಿಗ್ಗೆ ಊರಿನಿಂದ ಈತನನ್ನು ಕಳಿಸಿತ್ತು. ಐವತ್ತರ ಆಸುಪಾಸು, ಮೊಣಕೈ ಸವೆದ ಸ್ವೆಟರು, ಮಾತು ಕಡಿಮೆ. ಬಸ್ಸು ಹತ್ತುವಾಗ ಇಲೆನಿಯಾ ಅವನನ್ನು ಕಂಡವಳೇ ಮುಖ ಬಿಳಿಚಿಕೊಂಡು ಸೀದಾ ಹಿಂದಕ್ಕೆ ಹೋಗಿದ್ದಳು. ಅದನ್ನೂ ಒರ್ನೆಲ್ಲಾ ಗಮನಿಸಿದ್ದಳು. ಇಪ್ಪತ್ತು ವರ್ಷ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದ ಶಿಕ್ಷಕಿಯ ಕಣ್ಣು ಅದು.

ಸಾನ್‌ಸೆಪೊಲ್ಕ್ರೊದಲ್ಲಿ ಬಸ್ಸು ನಿಂತಿತು. ಇನ್ನು ಮುಂದೆ ಉರ್ಬಿನೊವರೆಗೆ ಘಟ್ಟ. ಚಾಲಕ ಇಳಿದು ಬಂದು ಒರ್ನೆಲ್ಲಾಳ ಎದುರು ನಿಂತ.

“ಮೇಡಂ, ಕೊನೇ ಸಾಲಲ್ಲಿ ಕಿಟಕಿ ಪಕ್ಕ ಒಬ್ಬಳು ಹುಡುಗಿ ಇದ್ದಾಳಲ್ಲ, ಅವಳನ್ನ ಮುಂದೆ ಕೂರಿಸಿ. ತಿರುವು ಜಾಸ್ತಿ. ಹಿಂದೆ ಕೂತವ್ರಿಗೆ ಹೊಟ್ಟೆ ತೊಳಸುತ್ತೆ.”

“ಹಿಂದೆ ಐದು ಜನ ಕೂತಿದ್ದಾರೆ. ಅವಳೇ ಯಾಕೆ?”

ಅವನು ಕಣ್ಣು ತಗ್ಗಿಸಿ ರಸ್ತೆಬದಿಯ ಕಾಫಿ ಬಾರಿನೊಳಕ್ಕೆ ಹೋದ. ಒರ್ನೆಲ್ಲಾಳೂ ಹಿಂದೆಯೇ ಹೋದಳು.

ಒಳಗೆ ಇಲೆನಿಯಾ ಮತ್ತು ಉಳಿದ ಹುಡುಗಿಯರು ಮೇಜು ಸುತ್ತುವರಿದು ಕೂತಿದ್ದರು. ಅವರದು ಮೊಡೆನಾದ ಹೆಸರುವಾಸಿ ಶಾಲೆ. ಒಬ್ಬರಿಗಿಂತ ಒಬ್ಬರದು ದುಬಾರಿ ಕೋಟು. ಚಾಲಕ ಕೌಂಟರಿನಲ್ಲಿ ಉಪ್ಪಿನ ಬಿಸ್ಕತ್ತು, ಒಂದು ಹೋಳು ನಿಂಬೆ ಕೇಳಿ ಪಡೆದು ಆ ಮೇಜಿನತ್ತ ಹೆಜ್ಜೆ ಹಾಕಿದ.

“ಅಯ್ಯೋ ಬಂದ ಬಂದ! ಬೆಳಿಗ್ಗೆಯಿಂದ ನಿನ್ನನ್ನೇ ನೋಡ್ತಿದ್ದಾನೆ ಕಣೇ,” ಎಂದಳು ಲುಡೊವಿಕಾ. ಅವಳ ಗಂಟಲು ದೊಡ್ಡದು. “ಅಪ್ಪ ಪೈಲಟ್ಟು, ಗಂಡ ಬಸ್ ಡ್ರೈವರ್ರು! ಮದುವೆ ಊಟಕ್ಕೆ ನಮ್ಮನ್ನ ಮರೀಬೇಡ ಕಣೇ.”

ಮೇಜೆಲ್ಲ ನಕ್ಕಿತು. ಇಲೆನಿಯಾ ಕುರ್ಚಿ ತಳ್ಳಿ ಎದ್ದಳು. ಅವನು ಹತ್ತಿರ ಬರುವ ಮೊದಲೇ ಓಡಿಬಂದು ಒರ್ನೆಲ್ಲಾಳ ತೋಳು ಹಿಡಿದಳು.

“ಮಿಸ್, ಅವನು ಕುಡಿದಿದ್ದಾನೆ. ಬೇರೆ ಡ್ರೈವರ್ ಕರೆಸಿ.”

“ವಾಸನೆ ಬಂತಾ?”

“ಬಂತು.”

“ನಿಜ ತಾನೇ?”

ಹುಡುಗಿ ತಲೆಯಾಡಿಸಿದಳು. ಒರ್ನೆಲ್ಲಾಳಿಗೆ ಅಷ್ಟು ಸಾಕಾಯಿತು.

ಶಾಲಾ ಪ್ರವಾಸದ ಬಸ್ಸಿನ ಬಗ್ಗೆ ಅನುಮಾನ ಬಂದರೆ ಹೆದ್ದಾರಿ ಪೊಲೀಸರಿಗೆ ಫೋನ್ ಮಾಡಬೇಕು. ಸುತ್ತೋಲೆ ಬ್ಯಾಗಿನಲ್ಲೇ ಇತ್ತು. ಬಸ್ ಓಡಿಸುವವನ ಉಸಿರಿನಲ್ಲಿ ಒಂದು ತೊಟ್ಟು ಕಂಡರೂ ಲೈಸೆನ್ಸ್ ಹೋಗುತ್ತದೆ, ಅದರ ಹಿಂದೆ ಕೆಲಸವೂ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಫೋನ್ ಮಾಡಿದಳು.

ಪೊಲೀಸರು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಚಾಲಕನನ್ನು ಬಸ್ಸಿಗೆ ಒರಗಿಸಿ ನಿಲ್ಲಿಸಿ ಉಸಿರು ಅಳೆಯುವ ಯಂತ್ರ ಬಾಯಿಗೆ ಹಿಡಿದರು. ನಲವತ್ತು ಮಕ್ಕಳು ಮೊಬೈಲು ಎತ್ತಿ ಹಿಡಿದರು.

“ಊದು ತಾತಾ, ಊದು! ಹುಟ್ಟುಹಬ್ಬದ ಮೇಣದಬತ್ತಿ ಅನ್ಕೊ!” ಹಿಂದಿನಿಂದ ಯಾರೋ ಕೂಗಿದರು.

ಅವನು ಊದಿದ. ಸೊನ್ನೆ. ಇನ್ನೊಮ್ಮೆ ಊದಿಸಿದರು. ಸೊನ್ನೆ.

ಹಿರಿಯ ಪೊಲೀಸಿನವನು ಲೈಸೆನ್ಸ್ ತಿರುಗಿಸಿ ನೋಡಿದ. ಮಕ್ಕಳ ಪಟ್ಟಿ ಇಸಿದುಕೊಂಡು ಹೆಸರುಗಳ ಮೇಲೆ ಬೆರಳಾಡಿಸಿದ. ಬೆರಳು ನಡುವೆ ಎಲ್ಲೋ ತಡೆಯಿತು. ತಲೆಯೆತ್ತಿ ಚಾಲಕನನ್ನು ನೋಡಿದ. ಚಾಲಕ ಬೇಡವೆಂಬಂತೆ ತಲೆ ಅಲ್ಲಾಡಿಸಿದ.

“ಕುಡಿದ ವಾಸನೆ ನಿಮಗೇ ಬಂತಾ ಮೇಡಂ?” ಪೊಲೀಸಿನವನು ಕೇಳಿದ.

“ನನಗಲ್ಲ. ಒಬ್ಬಳು ವಿದ್ಯಾರ್ಥಿನಿ ಹೇಳಿದಳು.”

“ಹೆಸರು?”

“ಸಾರ್,” ಎಂದ ಚಾಲಕ. ಪೊಲೀಸರು ಬಂದ ಮೇಲೆ ಅವನು ಆಡಿದ ಮೊದಲ ಮಾತು ಅದು. “ಚಿಕ್ಕವರು. ಹೆದರಿರ್ತಾರೆ. ಹೆಸರೆಲ್ಲ ಯಾಕೆ? ಬಿಡಿ.”

ಪೊಲೀಸಿನವನು ಪಟ್ಟಿ ಮಡಿಸಿ ಹಿಂದಿರುಗಿಸಿದ. ಒರ್ನೆಲ್ಲಾಳ ಮುಖಕ್ಕೆ ಬದಲಾಗಿ ಅವಳ ಬೂಟುಗಳನ್ನು ನೋಡುತ್ತ, “ಹೊರಡಿ,” ಎಂದ.

ಘಟ್ಟದುದ್ದಕ್ಕೂ ಅವಳು ಚಾಲಕನ ಹಿಂದಿನ ಸೀಟಿನಲ್ಲಿ ಕೂತು ಅವನ ಕತ್ತನ್ನೇ ನೋಡಿದಳು. ಕಿವಿಯವರೆಗೂ ಕೆಂಪೇರಿತ್ತು. ತಿರುವು ತಿರುವಿಗೂ ಬಸ್ಸು ತೊಟ್ಟಿಲಿನ ಹಾಗೆ ನಿಧಾನಕ್ಕೆ ವಾಲುತ್ತಿತ್ತು. ಅಷ್ಟಾದರೂ ಹಿಂದಿನ ಸಾಲಿನಲ್ಲಿ ಇಲೆನಿಯಾ ಒಬ್ಬಳೇ ಎರಡು ಸಲ ವಾಂತಿ ಮಾಡಿಕೊಂಡಳು. ಪಾಪ, ಹೆದರಿಕೆಗೆ ಇರಬೇಕು.

ಉರ್ಬಿನೊ ತಲುಪುವಷ್ಟರಲ್ಲಿ ಅವರು ನೋಡಬೇಕಿದ್ದ ಅರಮನೆಯ ಬಾಗಿಲು ಹಾಕಿತ್ತು. ಮಕ್ಕಳು ಗೊಣಗುತ್ತ ಪೆಟ್ಟಿಗೆ ಎಳೆದುಕೊಂಡು ಹೋಟೆಲಿನತ್ತ ಹೊರಟರು. ಒರ್ನೆಲ್ಲಾ ಚಾಲಕನೆದುರು ನಿಂತಳು.

“ತಪ್ಪು ಮಾಡಿದೆ. ಎಲ್ಲರೆದುರು ನಿಮ್ಮ ಮಾನ ಕಳೆದೆ.”

“ನಿಮ್ಮ ಕೆಲಸ ನೀವು ಮಾಡಿದ್ರಿ ಮೇಡಂ. ನನಗೂ ಮಕ್ಕಳಿದ್ದಾರೆ. ನಿಮ್ಮಂಥೋರು ಜೊತೆಗಿದ್ರೆ ಧೈರ್ಯ.”

ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಹತ್ತು ಹೆಜ್ಜೆ ಹೋದ ಮೇಲೆ ತಲೆ ಎಣಿಸಿದಳು. ಮೂವತ್ತೊಂಬತ್ತು. ಇಲೆನಿಯಾ ಇಲ್ಲ. ಕುಡಿದಿಲ್ಲ ನಿಜ, ಆದರೆ ಕನ್ನಡಿಯಲ್ಲಿ ನೋಡುತ್ತಿದ್ದುದು ಸುಳ್ಳಲ್ಲವಲ್ಲ? ತಿರುಗಿ ಓಡಿದಳು.

ಬಸ್ಸಿನ ಮೆಟ್ಟಿಲ ಮೇಲೆ ಹುಡುಗಿ ಮೊಣಕಾಲಿನಲ್ಲಿ ಮುಖ ಹುದುಗಿಸಿ ಬಿಕ್ಕುತ್ತಿದ್ದಳು. ಅವನು ಕೆಳಗೆ ಕುಕ್ಕರಗಾಲಿನಲ್ಲಿ ಕೂತು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ.

“ಸಾಕು ಏಳು, ಮುಖ ತೊಳ್ಕೊಂಡು ಅಮ್ಮನಿಗೊಂದು ಫೋನ್ ಮಾಡು. ಇವತ್ತು ಆಗಿದ್ದನ್ನ ನೀನೂ ಹೇಳ್ಬೇಡ, ಮನೆಗೆ ಹೋದ್ಮೇಲೆ ನಾನೂ ಅವಳಿಗೆ ಹೇಳಲ್ಲ, ಮಗಳೇ.”