ಚರ್ಮದ್ದೇನೂ ಮೇಲಕ್ಕೆ ಹೋಗುವಂತಿಲ್ಲ

“ಬೆಲ್ಟೂ ಬಿಚ್ಚಿ,” ಎಂದ ಬೆಟ್ಟದ ಬುಡದ ಕಾವಲುಗಾರ. “ಚರ್ಮದ್ದೇನೂ ಮೇಲಕ್ಕೆ ಹೋಗೋ ಹಾಗಿಲ್ಲ.”

ಕಿರಿಯವನ ಕೈ ಸೊಂಟಕ್ಕೆ ಹೋಯಿತು. ಅಂಗಿಯೊಳಗೆ ಆ ಬೆಲ್ಟಿಗೇ ಚೂರಿ ಸಿಕ್ಕಿಸಿಕೊಂಡಿದ್ದ. ಅದರ ಒರೆಯೂ ಚರ್ಮದ್ದೇ. ಗ್ಯಾರೇಜಿನ ಕೆಲಸದವನು, ಕಬ್ಬಿಣದ ಪಟ್ಟಿ ಸಾಣೆ ಹಿಡಿದು ತಾನೇ ಮಾಡಿದ ಚೂರಿ. ಎಲ್ಲವನ್ನೂ ಯೋಚಿಸಿದ್ದ ಮಹಾರಾಯನಿಗೆ ಇದೊಂದು ಹೊಳೆದಿರಲಿಲ್ಲ.

ಶೌಚಾಲಯಕ್ಕೆ ಹೋಗಿ ಒರೆಯನ್ನು ಬೆಲ್ಟಿನ ಸಮೇತ ಕಿಟಕಿಯಾಚೆ ಎಸೆದ. ಬರಿಯ ಅಲಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಹತ್ತುವಾಗ ತನ್ನ ಹೊಟ್ಟೆಯನ್ನೇ ಕೊಯ್ದುಕೊಳ್ಳಬೇಕಷ್ಟೆ. ಟವೆಲಿನಲ್ಲಿ ಸುತ್ತಿ ಅಮ್ಮನ ಬಟ್ಟೆಚೀಲದ ತಳದಲ್ಲಿ, ದೇವರ ಮುಂದಿಡಲು ತಂದ ಅಕ್ಕಿಯ ಕೆಳಗೆ ತುರುಕಿದ. ಅಮ್ಮ ಆಗ ಆಚೆ ತಿರುಗಿ, ಉಸಿರಿಗೆ ಸಿಕ್ಕಿ ಹುಳ ಸಾಯದಿರಲೆಂದು ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು.

ಅವಳು ಬಂದದ್ದೇ ಅವನಿಗೆ ಬೇಕಿರಲಿಲ್ಲ. ಬೆಟ್ಟಕ್ಕೆ ಹೋಗಿ ಬರ್ತೀನಿ ಎಂದಿದ್ದೇ ತಡ, ಮಂಡಿನೋವಿನ ಮುದುಕಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಉಳಿದಿರೋನು ನೀನೊಬ್ಬ. ಒಬ್ಬನ್ನೇ ಕಳಿಸ್ತೀನಾ?”

ಡೋಲಿ ಹೊರುವವರು ಸಾಲಾಗಿ ಕೂತಿದ್ದರು. ಹರಿದ ಕಿವಿಯವನನ್ನು ಕಿರಿಯವನು ದೂರದಿಂದಲೇ ಗುರುತಿಸಿದ. ಬಸ್ ನಿಲ್ದಾಣದಲ್ಲಿ, ಒಂದು ಸೀಟಿನ ಜಗಳಕ್ಕೆ, ಅಣ್ಣನ ಹೊಟ್ಟೆಗೆ ಒಡೆದ ಬಾಟಲಿ ಇಳಿಸಿದವನು. ಆ ಕಿವಿ ಹರಿದದ್ದು ಅಣ್ಣನ ಹಲ್ಲಿಗೆ. ಕೋರ್ಟಿನಲ್ಲಿ ಆ ಮುಖವನ್ನು ಕಿರಿಯವನು ನೋಡಿದ್ದ. ಅಮ್ಮ ಕೋರ್ಟಿನ ಬಾಗಿಲಿಗೂ ಬಂದವಳಲ್ಲ. ಹರಿದ ಕಿವಿ ಶಿಕ್ಷೆ ಮುಗಿಸಿ ಈ ಬೆಟ್ಟದಲ್ಲಿ ಡೋಲಿ ಹೊರುತ್ತಿದ್ದಾನೆಂದು ಲಾರಿ ಓಡಿಸುವ ಗೆಳೆಯನೊಬ್ಬ ಮನೆಗೆ ಬಂದು ಪಿಸುಗುಟ್ಟಿದಾಗ, ಅವಳು ಒಳಗೆ ಪಾತ್ರೆ ತೊಳೆಯುತ್ತಿದ್ದಳು.

“ನಂಗೆ ಅವನೇ ಬೇಕು,” ಎಂದು ಅಮ್ಮ ಹರಿದ ಕಿವಿಯತ್ತ ಬೆರಳು ತೋರಿಸಿದಳು. “ಹೆಗಲು ಗಟ್ಟಿಯಾಗಿದೆ.”

ದೇವರೇ ಹಿಡಿದು ತಂದು ಮುಂದೆ ನಿಲ್ಲಿಸಿದ ಎಂದುಕೊಂಡ ಕಿರಿಯವನು.

ಹರಿದ ಕಿವಿ ಮುಂದೆ, ಅವನ ಜೊತೆಗಾರ ಹಿಂದೆ, ನಡುವೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡ ಅಮ್ಮ. ಇರುವೆ ಸಾಲು ಸಿಕ್ಕಾಗೆಲ್ಲ ಹರಿದ ಕಿವಿ ಅಷ್ಟು ಭಾರದಲ್ಲೂ ದಾಟಿ ಕಾಲಿಡುತ್ತಿದ್ದ.

“ಮೊದಲಿಂದ್ಲೂ ಹೀಗೇನಾ?” ಅಮ್ಮ ಕೇಳಿದಳು.

“ಇಲ್ಲಮ್ಮ. ಒಂದು ಜೀವ ತೆಗೆದಿದ್ದೀನಿ. ಇಲ್ಲಿಗೆ ಬಂದ್ಮೇಲೆ ಸೊಳ್ಳೆಗೂ ಕೈ ಎತ್ತಿಲ್ಲ.”

“ಹೆಂಡ್ತಿ, ಮಕ್ಳು?”

“ಯಾರು ಕೊಡ್ತಾರಮ್ಮ ನಂಗೆ ಹೆಣ್ಣು?”

“ತಾಯಿ?”

“ನಾನು ಒಳಗಿದ್ದಾಗ್ಲೇ ಹೋಗ್ಬಿಟ್ಲು.”

“ಒಳ್ಳೇದಾಯ್ತು ಬಿಡು,” ಎಂದಳು ಅಮ್ಮ.

ಹಿಂದೆ ಬರುತ್ತಿದ್ದ ಕಿರಿಯವನಿಗೆ ಮೈಯೆಲ್ಲ ಉರಿಯಿತು. ಹೆತ್ತ ಮಗನನ್ನು ಕೊಂದವನ ಜೊತೆ ಇವಳದ್ದು ಕಷ್ಟಸುಖದ ಮಾತು ಬೇರೆ. ಪಾಪ, ಅವಳಿಗೇನು ಗೊತ್ತು.

ಬಸದಿಗಳ ಬಿಳಿ ಶಿಖರ ಕಾಣುವ ತಿರುವಿನಲ್ಲಿ ಡೋಲಿ ಇಳಿಸಿದರು. ಜೊತೆಗಾರ ನೀರು ತರಲು ಮೇಲೆ ಹೋದ. ಸುತ್ತ ಒಂದು ನರಪಿಳ್ಳೆಯಿಲ್ಲ. ಕಿರಿಯವನು ಚೀಲಕ್ಕೆ ಕೈ ಹಾಕಿದ. ಅಕ್ಕಿ. ಅದರ ಕೆಳಗೆ ಟವೆಲು. ಟವೆಲು ಖಾಲಿ.

ತಲೆಯೆತ್ತಿ ಅಮ್ಮನನ್ನು ನೋಡಿದ. ಅವಳು ಕಣಿವೆಯ ಕಡೆ ನೋಡುತ್ತಿದ್ದಳು.

“ಅದು ನಿನ್ನ ಕೈಗೆ ಸಿಗಲ್ಲ ಕಣೋ. ನಿನ್ನನ್ನೂ ಜೈಲಿಗೆ ಕೊಟ್ಟು ನಾನು ಯಾರ ಮುಖ ನೋಡ್ಲಿ?”

ಚೂರಿಯಿಲ್ಲದಿದ್ದರೆ ಕೈಯಿದೆ. ಕಿರಿಯವನು ಹರಿದ ಕಿವಿಯ ಮೇಲೆ ಬಿದ್ದ. ಮೊದಲ ಗುದ್ದಿಗೆ ಮೂಗು ಒಡೆಯಿತು. ಕೂದಲು ಹಿಡಿದು ತಲೆಯನ್ನು ಕಲ್ಲಿಗೆ ಜಪ್ಪಿದ. ಹಲ್ಲೊಂದು ರಕ್ತದ ಜೊತೆ ಮೆಟ್ಟಿಲ ಮೇಲೆ ಬಿತ್ತು.

“ಸರಿಯಾಗಿ ನೋಡೋ ನನ್ನನ್ನ. ಬಸ್ ಸ್ಟ್ಯಾಂಡಲ್ಲಿ ಕೊಂದೆಯಲ್ಲ, ಅವನ ತಮ್ಮ ನಾನು.”

ಹರಿದ ಕಿವಿ ನೋಡಿದ. ತಡೆಯಲು ಎತ್ತಿದ್ದ ಕೈಗಳನ್ನು ಕೆಳಗಿಳಿಸಿದ. ಆಮೇಲೆ ಬಿದ್ದ ಏಟುಗಳನ್ನೆಲ್ಲ ಸುಮ್ಮನೆ ತಿಂದ.

“ಸಾಕು,” ಎಂದಳು ಅಮ್ಮ. “ಇವನ ಸಾವು ನಿನ್ನ ಕೈಯಿಂದ ಬೇಡ. ಆಚೆ ಹೋಗಿ ನಿಂತ್ಕೋ.”

ಆ ದನಿಗೆ ಕಿರಿಯವನು ಚಿಕ್ಕಂದಿನಿಂದಲೂ ಹೆದರುತ್ತಿದ್ದ. ಏದುಸಿರು ಬಿಡುತ್ತ ಹೋಗಿ ಕಟ್ಟೆಯ ಮೇಲೆ ಕುಸಿದು ಕೂತ. ಗೆಣ್ಣು ಸುಲಿದ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

“ಬಾಪ್ಪ ಇಲ್ಲಿ,” ಅಮ್ಮ ಹರಿದ ಕಿವಿಯನ್ನು ಕರೆದಳು.

ಅವನು ತೆವಳಿಕೊಂಡು ಬಂದು ಅವಳ ಮುಂದೆ ಮಂಡಿಯೂರಿದ. ಅಮ್ಮ ಬಾಯಿಗೆ ಕಟ್ಟಿದ್ದ ಬಿಳಿ ಬಟ್ಟೆಯನ್ನು ಬಿಚ್ಚಿ, ಅದರಲ್ಲೇ ಅವನ ಮುಖದ ರಕ್ತ ಒರೆಸಿದಳು.

“ಸತ್ತೋನು ನಿಮ್ಮ ಮಗನಾ ಅಮ್ಮ? ಕ್ಷಮಿಸಿಬಿಡಿ.” ಅವನ ತಲೆ ಅವಳ ಮಡಿಲಿಗೆ ಬಿತ್ತು.

ಅವಳು ಎಡಗೈಯಿಂದ ಆ ತಲೆಯನ್ನು ನಿಧಾನವಾಗಿ ಸವರಿದಳು. ಇದಕ್ಕೇ ಬಂದಳಲ್ಲ ನನ್ನಮ್ಮ ಎಂದುಕೊಂಡ ಕಿರಿಯವನು. ಅವಳ ಮುಂದೆ ತಾನು ತೀರಾ ಸಣ್ಣವನೆನಿಸಿ ಅವನಿಗೆ ನಾಚಿಕೆಯಾಯಿತು.

“ನಿನಗಾಗಿ ಅಳೋಕೆ ತಾಯಿಯೊಬ್ಬಳು ಇದ್ದಿದ್ರೆ ನನ್ನ ಕೈ ಏಳ್ತಿರಲಿಲ್ಲ ಮಗನೇ,” ಎಂದ ಅಮ್ಮ, ಸೆರಗಿನೊಳಗಿಂದ ಚೂರಿ ತೆಗೆದು ಅವನ ಕತ್ತಿಗೆ ಹಿಡಿಯವರೆಗೂ ಇಳಿಸಿದಳು.