ಕುರಿ ನಾತ

ಕಾರಿನ ಮುಂದೆ ಕುರಿ ಹಿಂಡು ಬಂದರೆ ನಾನು ಗಾಜು ಇಳಿಸುತ್ತೇನೆ. ಆ ಉಣ್ಣೆಯ ವಾಸನೆಯ ಜೊತೆ ಬಾಲ್ಯದ ಒಂದು ಮಧ್ಯಾಹ್ನ ಒಳಗೆ ಬಂದು ಕೂರುತ್ತದೆ.

ಅದರ ಹಿಂದಿನ ದಿನ, ಸಿಂದಗಿ ಸಂತೆಯಿಂದ ಬರುವಾಗ, "ಇಳಿ ಮುದುಕಿ, ಕುರಿ ನಾತ ಹೊಡ್ಯಾಕತ್ತೈತಿ" ಎಂದು ಜೀಪಿನ ಡ್ರೈವರ್ ಅಜ್ಜಿಯನ್ನೂ ನನ್ನನ್ನೂ ಸುಡುವ ಡಾಂಬರಿನ ಮೇಲೆ ಇಳಿಸಿಹೋಗಿದ್ದ.

ಆ ಮಧ್ಯಾಹ್ನ ಅದೇ ಜೀಪು ನಮ್ಮ ಹಿಂಡಿನ ಹಿಂದೆ ಸಿಕ್ಕಿಬಿತ್ತು. ಎರಡೂ ಬದಿ ಜಾಲಿಕಂಟಿ. ಹಾರ್ನ್ ಅರಚುತ್ತಲೇ ಇತ್ತು.

"ಆಯಿ, ಕುರಿ ಬಾಜೂಕ ಹೊಡೀಲೇನು?" ಎಂದು ಅಜ್ಜಿಯನ್ನು ಕೇಳಿದೆ.

"ಸುಮ್ನ ನಡಿ. ನಿನ್ನಿ ನಾವು ನಡದ್ವಿ, ಇವತ್ತ ಆಂವ ನಮ್ಮಂಗ ಬರ್ಲಿ."

ಅಜ್ಜಿ ಕಂಬಳಿಯನ್ನು ಹೆಗಲಿಗೇರಿಸಿ, ನಡುರಸ್ತೆಯಲ್ಲೇ ಇನ್ನಷ್ಟು ನಿಧಾನವಾದಳು.

ಕೊನೆಗೆ ಡ್ರೈವರ್ ತಲೆ ಹೊರಹಾಕಿ, "ಯವ್ವಾ, ದಾರಿ ಬಿಡ್ರಿ" ಎಂದು ಗೋಗರೆದ.

"ಮೂಗ ಮುಚ್ಚಿಕೊಳ್ಳೋ ತಮ್ಮಾ," ಎಂದಳು ಅಜ್ಜಿ, ತಿರುಗಿಯೂ ನೋಡದೆ. "ಊರು ಇನ್ನೂ ದೂರೈತಿ."

ಕುರಿ ಹಿಂಡು ಎದುರಿಗಿದ್ದಾಗ ನನ್ನ ಹಿಂದಿನ ಗಾಡಿಯವನು ಹಾರ್ನ್ ಒತ್ತಿದರೆ, ಇವತ್ತಿಗೂ ನಾನು ಎಂಜಿನ್ ಆರಿಸಿಬಿಡುತ್ತೇನೆ.